ಅರ್ಧ ಮೀಸೆಯ ಮತದಾರ

ಮತಗಟ್ಟೆಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು: ನಮ್ಮ ಬೀದಿಯ ಕ್ಷೌರದಂಗಡಿ ನಡೆಸುವವಳು ಮತ್ತು ಅವಳ ಗಂಡನ ಅಕ್ಕ.

“ಹೋದ ಸಲ ಇಲ್ಲಿ ನೊಣ ಹೊಡೀತಾ ಕೂತಿದ್ರು. ಈಗ ನೋಡೇ, ಸಾಲು ಗೇಟು ದಾಟಿದೆ!”

“ಎಲ್ಲಾ ನನ್ನ ಗಿರಾಕಿಗಳೇ ಅತ್ತಿಗೆ. ಅರ್ಧ ಕಟಿಂಗ್ ಮಾಡಿ ಕತ್ತರಿ ಕೆಳಗಿಡ್ತಿದ್ದೆ. ‘ಮೊದಲು ಪಟ್ಟಿಗೆ ಹೆಸರು ಸೇರಿಸಿ, ಆಮೇಲೆ ಉಳಿದರ್ಧ.’ ಕೂತಲ್ಲೇ ಮೊಬೈಲಲ್ಲಿ ಅರ್ಜಿ ಹಾಕೋರು.”

“ಬೈಲಿಲ್ವಾ?”

“ಬೈದ್ರು. ಅರ್ಧ ತಲೇಲಿ ಎದ್ದು ಹೋಗೋಕಾಗತ್ತಾ?”

ನಾನು ತಲೆ ಸವರಿಕೊಂಡೆ.

“ಇಲ್ಲಿ ವೋಟೇ ಇಲ್ಲ ಅಂತ ನಮ್ಮ ಬೀದಿದೀಪಗಳನ್ನೆಲ್ಲ ಆ ಕೌನ್ಸಿಲರ್ ಪಕ್ಕದ ಬೀದಿಗೆ ಹಾಕಿಸಿದ್ರಲ್ಲ ಅತ್ತಿಗೆ. ಇನ್ನೊಂದು ಸಲ ಹಾಗೆ ಮಾಡ್ಲಿ, ನೋಡೋಣ!”

“ಆದ್ರೆ ನಮ್ಮಪ್ಪನ ಹತ್ರ ನಿನ್ನ ಆಟ ನಡೆಯಲ್ಲ. ಬೋಳುತಲೆ. ಜನ್ಮದಲ್ಲಿ ವೋಟು ಹಾಕಿದವರಲ್ಲ.”

“ನನ್ನ ಕಾಟ ತಪ್ಪಲಿ ಅಂತ ಮಾವ ಹೆಸರೇನೋ ಸೇರಿಸಿದ್ರು. ಬರೋಕೆ ಮಾತ್ರ ಹಟ. ಮೀಸೆ ಇದೆಯಲ್ಲ ಅತ್ತಿಗೆ! ಬೆಳಿಗ್ಗೆ ಒಂದು ಕಡೆ ಸಣ್ಣಗೆ ಕತ್ತರಿಸಿ ನಿಲ್ಲಿಸಿಬಿಟ್ಟೆ.”

ಅಷ್ಟರಲ್ಲಿ ಒಳಗಿನಿಂದ ಮುದುಕರೊಬ್ಬರು ಬಾಯಿಗೆ ಅಂಗೈ ಅಡ್ಡ ಹಿಡಿದು ಬಂದರು. ಇವರನ್ನು ಕಂಡು ಕೈ ಇಳಿಸಿದರು. ಮೀಸೆ ಒಂದು ಕಡೆ ಪೊದೆ, ಇನ್ನೊಂದು ಕಡೆ ಬರೀ ಗೆರೆ.

“ಹಾಕಿದ್ರಾ ಮಾವ? ಇರಿ, ನಮ್ಮದೂ ಮುಗಿಸಿ ಬಂದು ಉಳಿದರ್ಧ ಸರಿ ಮಾಡ್ತೀನಿ.”

“ಬೇಡಮ್ಮ. ಸಂಜೆ ಮತಗಟ್ಟೆ ಬಾಗಿಲು ಹಾಕೋವರೆಗೂ ಹೀಗೇ ಇರಲಿ. ನೋಡಿ ನಕ್ಕವರನ್ನೆಲ್ಲ ‘ನಿಂದು ವೋಟಾಯ್ತಾ?’ ಅಂತ ಹಿಡಿದು ಕೇಳ್ತೀನಿ.”

ಹೆಂಗಸರಿಬ್ಬರೂ ಒಳಗೆ ಹೋದರು. ಮುದುಕರು ಪೊದೆಯಿದ್ದ ಕಡೆಯ ಮೀಸೆ ತಿರುವುತ್ತಾ ಬೀದಿಗಿಳಿದರು.

ಗೇಟಿನಾಚೆ ಯಾರೋ ಕಿಸಕ್ಕನೆ ನಕ್ಕರು. ಪಾಪ, ಸಿಕ್ಕಿಬಿದ್ದರು.