ಮುರಿಯೋರಿಲ್ಲದ ರೊಟ್ಟಿ

…ಅಲ್ಲ ಕಣೇ ಪ್ರೀತಿ, ಸಭೇಲಿ ಹೆಂಗಸರಿಗೆ ಹಾಡೋಕೆ ಬಿಡ್ತಿದ್ರು. ಮಾತಾಡೋ ಹಾಗಿರಲಿಲ್ಲ, ಅಷ್ಟೆ. ಹೆಂಗಸರು ತಲೆ ಮೇಲೆ ಸೆರಗು ಹಾಕ್ಕೊಂಡು ಎಡಗಡೆ ಚಾಪೆ ಮೇಲೆ, ಗಂಡಸರು ಬಲಗಡೆ ಕುರ್ಚಿ ಮೇಲೆ. ಮಧ್ಯೆ ಒಂದು ಮೇಜು, ಅದರ ಮೇಲೆ ಬಿಳಿ ಬಟ್ಟೆ ಮುಚ್ಚಿದ ತಟ್ಟೇಲಿ ಒಂದು ರೊಟ್ಟಿ, ಪಕ್ಕದಲ್ಲಿ ಒಂದು ಲೋಟ ದ್ರಾಕ್ಷಿರಸ. ನಮ್ಮ ಸಭೇಲಿ ಪಾದ್ರಿ ಇಲ್ಲ, ಶಿಲುಬೆ ಇಲ್ಲ, ಹಾರ್ಮೋನಿಯಂ ಇಲ್ಲ. ಕ್ರಿಸ್ಮಸ್ ಸ್ಟಾರ್ ಕೂಡ ಕಟ್ತಿರಲಿಲ್ಲ, ನಿಮ್ಮಪ್ಪ ಚಿಕ್ಕವನಾಗಿದ್ದಾಗ ಅದಕ್ಕೆ ಅತ್ತು ಅತ್ತು ಜ್ವರ ಬರಿಸ್ಕೊಂಡಿದ್ದ. ಯಾರೂ ದೊಡ್ಡೋರಲ್ಲ, ಎಲ್ಲರೂ ಅಣ್ಣ ಅಕ್ಕಂದಿರು, ಅದು ನಮ್ಮ ನಂಬಿಕೆ. ಸುಮ್ನೆ ಕೂತಿರ್ತಿದ್ವಿ. ಗಂಡಸರಲ್ಲಿ ಯಾರಿಗೆ ದೇವರು ಪ್ರೇರಣೆ ಕೊಡ್ತಾನೋ ಅವರೆದ್ದು ಹಾಡು ಎತ್ಕೊಡ್ತಿದ್ರು, ನಾವು ದನಿಗೂಡಿಸ್ತಿದ್ವಿ. ಇನ್ನೊಬ್ಬರೆದ್ದು ವಾಕ್ಯ ಓದ್ತಿದ್ರು. ಕೊನೇಲಿ ಒಬ್ಬರೆದ್ದು ಸ್ತೋತ್ರ ಹೇಳಿ ರೊಟ್ಟಿ ಮುರೀತಿದ್ರು, ಅದು ಕೈಯಿಂದ ಕೈಗೆ ಬರ್ತಿತ್ತು, ಒಂದೊಂದು ಚೂರು ಮುರ್ಕೊಂಡು ತಿನ್ನೋದು. ಒಂದೇ ರೊಟ್ಟಿ ಯಾಕೆ ಅಂದ್ರೆ ನಾವೆಲ್ಲ ಒಂದೇ ದೇಹ ಅಂತ. ಆದ್ರೆ ಏನೇ ಶುರು ಮಾಡೋದಿದ್ರೂ ಗಂಡಸರೇ ಮಾಡ್ಬೇಕು. ನಾನದನ್ನ ತಪ್ಪು ಅಂತಾನೂ ಅಂದ್ಕೊಂಡಿರಲಿಲ್ಲ, ಸರಿ ಅಂತಾನೂ ಅಂದ್ಕೊಂಡಿರಲಿಲ್ಲ. ಹಾಗಿತ್ತು, ಹಾಗೇ ಇದ್ವಿ.

ಸಭೆ ನಡೀತಿದ್ದಿದ್ದು ಇಲ್ಲೇ ಚಾಮರಾಜಪೇಟೇಲಿ, ಊದುಬತ್ತಿ ಮಾಡೋರ ಶೆಡ್ ಹಿಂದಿನ ಹಾಲಲ್ಲಿ. ನಾವು ಊದುಬತ್ತಿ ಹಚ್ಚೋರಲ್ಲ, ಆದ್ರೆ ವಾಸನೆ ಮಾತ್ರ ಗೋಡೆಗೇ ಹಿಡಿದ್ಬಿಟ್ಟಿತ್ತು, ನಮ್ಮ ಬೈಬಲ್ ಬಿಚ್ಚಿದ್ರೂ ಮಲ್ಲಿಗೆ ಬತ್ತಿ ವಾಸನೆ. ರೊಟ್ಟಿ ತರೋ ಕೆಲಸ ನಂದು. ಅಯ್ಯಂಗಾರ್ ಬೇಕರೀಲಿ ಶನಿವಾರ ಸಂಜೆ ಒಂದು ಬ್ರೆಡ್ಡು ಕೊಯ್ಯೋ ಮೆಷಿನ್ನಿಗೆ ಹಾಕ್ದೆ ಇಡೀದಾಗಿ ಎತ್ತಿಟ್ಟಿರ್ತಿದ್ರು. ಬೇಕರಿಯವರು ಒಂದ್ಸಲಾನೂ ಯಾಕಮ್ಮ ಅಂತ ಕೇಳಲಿಲ್ಲ. ದ್ರಾಕ್ಷಿ ನಾನೇ ಮಾರ್ಕೆಟ್ಟಿಂದ ತಂದು ಕುದಿಸಿ ಸೋಸ್ತಿದ್ದೆ. ಕಪ್ಪು ದ್ರಾಕ್ಷಿ, ಬೀಜ ಇರೋದು. ಅದಿರ್ಲಿ.

ಆಮೇಲೆ ಕರೋನಾ ಬಂತು, ನಿಮಗೆ ಗೊತ್ತಲ್ಲ, ಎರಡನೇ ಸಲದ್ದು, ಕೆಟ್ಟದ್ದು. ನಿಮ್ಮ ತಾತ ಹೋದ್ರು. ಆಸ್ಪತ್ರೆ ಒಳಗೆ ಹೋದ್ರು, ಪ್ಲಾಸ್ಟಿಕ್ಕಲ್ಲಿ ಸುತ್ತಿ ಆಚೆ ಬಂದ್ರು. ದೂರದಿಂದ ತೋರ್ಸಿದ್ರು, ನಾನು ನೋಡ್ದೆ. ಅಳು ಬರಲಿಲ್ಲ. ಜನ ಕಾಯ್ತಿದ್ರು ನಾನು ಅಳ್ತೀನಿ ಅಂತ, ನಾನೂ ಕಾಯ್ತಿದ್ದೆ, ಬರಲಿಲ್ಲ. ಅದೇ ತಿಂಗಳಲ್ಲಿ ಸಭೇಲಿ ಇನ್ನೂ ಮೂರು ಜನ ಅಣ್ಣಂದಿರು ಹೋದ್ರು. ಗಂಡಸರಲ್ಲಿ ಉಳಿದಿದ್ದು ಯೋಹಾನಣ್ಣ ಒಬ್ಬರೇ. ಅವರಿಗೂ ಲಕ್ವ ಹೊಡೆದು ಬಲಗೈ ಬಿದ್ದೋಯ್ತು, ಮಾತು ನಿಂತೋಯ್ತು. ನಿಮ್ಮಪ್ಪ? ಅವನು ಮದ್ವೆ ಆದ್ಮೇಲೆ ನಿಮ್ಮಮ್ಮನ ಚರ್ಚಿಗೆ ಹೋಗೋಕೆ ಶುರು ಮಾಡಿದ್ನಲ್ಲ, ಇನ್ನೆಲ್ಲಿ.

ಲಾಕ್‌ಡೌನ್ ತೆಗೆದ ಮೇಲೆ ಮತ್ತೆ ಸೇರಿದ್ವಿ. ಏಳೆಂಟು ಜನ ಹೆಂಗಸರು, ಎದುರಿಗೆ ಯೋಹಾನಣ್ಣ. ನಾನು ರೊಟ್ಟಿ ಇಟ್ಟೆ, ಲೋಟ ಇಟ್ಟೆ, ಬಟ್ಟೆ ಮುಚ್ಚಿದೆ, ಕೂತೆ. ಎಲ್ಲರೂ ಕೂತ್ವಿ. ಯಾರು ಶುರು ಮಾಡ್ಬೇಕು? ಮಾಡೋರಿಗೆ ಬಾಯಿಲ್ಲ, ಬಾಯಿರೋರು ಮಾಡೋ ಹಾಗಿಲ್ಲ. ಒಂದು ಗಂಟೆ ಹೊತ್ತು ಕೂತ್ವಿ. ಆಮೇಲೆ ಯೋಹಾನಣ್ಣ ಎಡಗೈಯಲ್ಲಿ ತಟ್ಟೆ ನನ್ನ ಕಡೆ ತಳ್ಳಿದ್ರು, ತಗೊಂಡು ಹೋಗು ಅಂತ. ತಗೊಂಡು ಬಂದೆ. ಮುಂದಿನ ವಾರಾನೂ ಹಾಗೇ, ಅದರ ಮುಂದಿನ ವಾರಾನೂ ಹಾಗೇ. ನಿಮ್ಮಮ್ಮ ಅದನ್ನ ತುಪ್ಪ ಸವರಿ ಕಾವಲಿ ಮೇಲೆ ಬಿಸಿ ಮಾಡಿ ನಿಮಗೆ ಕೊಡ್ತಿದ್ಳು, ನೀವು ತಿಂದಿದೀರ, ಜ್ಞಾಪಕ ಇಲ್ವಾ? ಮುರೀದೆ ಇದ್ರೆ ಅದು ಬರೀ ಬ್ರೆಡ್ಡು. ಕೋಲಾರದ ಸಭೆಯಿಂದ ಒಬ್ಬ ಅಣ್ಣ ಬಂದು ಒಂದೆರಡು ಸಲ ಮುರಿದು ಕೊಟ್ರು, ಆಮೇಲೆ ಅವರ ಕಡೇನೂ ಗಂಡಸರು ಕಮ್ಮಿ ಆದ್ರು ಅಂತ ನಿಲ್ಲಿಸ್ಬಿಟ್ರು. ನನಗೆ ಬೇಜಾರಾಯ್ತಾ ಅಂದ್ರೆ ಅದೂ ಇಲ್ಲ. ಭಾನುವಾರ ಆದ್ರೆ ಹೋಗೋದು, ಕೂರೋದು, ಬರೋದು. ಒಳಗೆ ಏನೂ ಆಡ್ತಿರಲಿಲ್ಲ, ಕೈಕಾಲು ಮಾತ್ರ ಅವುಗಳ ಪಾಡಿಗೆ ಕೆಲಸ ಮಾಡ್ತಿದ್ವು.

ರಾಹೇಲಕ್ಕ ಅಂತ ಇದ್ರು, ನಮ್ಮೆಲ್ಲರಿಗಿಂತ ಹಿರಿಯರು, ಮದ್ವೆ ಆಗಿರಲಿಲ್ಲ, ಬಳೇಪೇಟೆ ಸಂದೀಲಿ ಒಂದು ರೂಮು. ಹೊಟ್ಟೇಲಿ ಗಡ್ಡೆ. ಡಾಕ್ಟ್ರು ಕೈ ಬಿಟ್ಟಿದ್ರು. ನಾನು ಗಂಜಿ ತಗೊಂಡು ಹೋಗಿದ್ದೆ. ಅವರು ಗಂಜಿ ಬೇಡ, ಸಭೆ ರೊಟ್ಟಿ ತಿಂದು ಎಷ್ಟು ದಿನ ಆಯ್ತು ಅಂದ್ರು. ನನ್ನ ಸೊಸೆ ಚರ್ಚಿನ ಪಾದ್ರೀನ ಕರ್ಕೊಂಡು ಬರ್ಲಾ ಅಕ್ಕಾ, ಅವರು ಮನೆಗೇ ಬಂದು ರೊಟ್ಟಿ ಕೊಡ್ತಾರೆ ಅಂದೆ, ನಿಮ್ಮಮ್ಮನ ಚರ್ಚು. ಅದಕ್ಕವರು ಅಂದ್ರು, "ಸುಗುಣಾ, ನಾನು ನಿಮ್ಮೆಲ್ಲರ ಜೊತೆ ತಿಂದೋಳು. ಒಬ್ಬಳೇ ಮಂಚದ ಮೇಲೆ ಮಲ್ಕೊಂಡು ಔಷಧಿ ಥರ ನುಂಗಲಾ? ತಿನ್ನದೇ ಹೋದ್ರೂ ಹೋಗ್ತೀನಿ." ಆಮೇಲೆ, "ತಿಂದು ಹೋಗೋ ಆಸೆ ಇದೆ ಕಣೇ" ಅಂದ್ರು. ನಾನು ಆಯ್ತು ಅಂದೆ. ಯಾಕೆ ಆಯ್ತು ಅಂದೆ, ಹೇಗೆ ಮಾಡೋದು, ನನಗೇ ಗೊತ್ತಿರಲಿಲ್ಲ.

ಭಾನುವಾರ ಆಟೋದಲ್ಲಿ ಕರ್ಕೊಂಡು ಬಂದ್ವಿ. ಅವರಿಗೆ ಚಾಪೆ ಮೇಲೆ ಕೂರೋಕಾಗಲ್ಲ, ಗಂಡಸರ ಕಡೆ ಕುರ್ಚಿ ಖಾಲಿ ಇದ್ವು, ಒಂದು ಎಳ್ಕೊಂಡು ಬಂದು ಕೂರಿಸಿದ್ವಿ. ಯೋಹಾನಣ್ಣ ನೋಡಿದ್ರು, ಏನೂ ಮಾಡಲಿಲ್ಲ. ಅವರು ಹಿಂದೆ ತುಂಬ ಸ್ಟ್ರಿಕ್ಟು, ಗೊತ್ತಾ. ಒಂದ್ಸಲ ಒಬ್ಬ ಹುಡುಗಿ ತಡೀಲಾರದೆ ಜೋರಾಗಿ ಪ್ರಾರ್ಥನೆ ಮಾಡಿದ್ದಕ್ಕೆ, ತಂಗೀ ಅದನ್ನ ಮನೇಲಿ ಮಾಡಮ್ಮ ಅಂತ ಹೇಳಿದೋರು. ಆ ಹುಡುಗಿ ಆಮೇಲೆ ಬರಲೇ ಇಲ್ಲ. ಸರಿ, ಕೂತ್ವಿ. ಫ್ಯಾನು ತಿರುಗ್ತಿತ್ತು. ರಾಹೇಲಕ್ಕ ಹೊಟ್ಟೆ ಹಿಡ್ಕೊಂಡು ಕೂತಿದ್ರು. ಯೋಹಾನಣ್ಣ ಬಾಯಿ ತೆಗೆದ್ರು, ಏನೋ ಸದ್ದು ಬಂತು, ಮಾತು ಬರಲಿಲ್ಲ. ಇನ್ನೊಂದ್ಸಲ ಪ್ರಯತ್ನ ಪಟ್ರು, ಆಗಲಿಲ್ಲ. ಎಡಗೈಯಲ್ಲಿ ತಟ್ಟೆ ನನ್ನ ಕಡೆ ತಳ್ಳಿದ್ರು. ಪ್ರತಿ ವಾರ ತಳ್ಳೋ ಹಾಗೇ ತಳ್ಳಿದ್ರು. ತಗೊಂಡು ಹೋಗು ಅಂದ್ರಾ, ನೀನೇ ಮಾಡು ಅಂದ್ರಾ, ದೇವರಾಣೆ ನನಗೆ ಇವತ್ತಿಗೂ ಗೊತ್ತಿಲ್ಲ.

ಎದ್ದೆ. ತಗೊಂಡು ಹೋಗೋಕೇ ಎದ್ದಿದ್ದು. ತಟ್ಟೆ ಎತ್ಕೊಂಡೆ, ರಾಹೇಲಕ್ಕ ಆಗಲೇ ಕೈ ಚಾಚಿದ್ರು. ಆ ಕೈ ನೋಡ್ಬಿಟ್ಟು ನಾನು ಹೇಗೆ ಬಟ್ಟೆ ಮುಚ್ಚಲಿ? ಅಣ್ಣಂದಿರ ಥರ ಉದ್ದುದ್ದ ಸ್ತೋತ್ರ ನನಗೆ ಬರಲ್ಲ. ಮನೇಲಿ ಊಟಕ್ಕೆ ಮುಂಚೆ ಹೇಳೋದೇ ಬಾಯಿಗೆ ಬಂತು. "ಕರ್ತನೇ, ಇವತ್ತೂ ಕೊಟ್ಟಿದೀಯ, ಸ್ತೋತ್ರ." ಅಷ್ಟೆ. ಮುರಿದೆ. ದೇವರು ಇಳಿದು ಬಂದ ಹಾಗೆ ಆಯ್ತಾ ಅಂತ ಕೇಳ್ಬೇಡಿ, ನನಗೇನೂ ಆಗಲಿಲ್ಲ, ಎದೆ ಕೂಡ ಹೊಡ್ಕೊಳ್ಳಲಿಲ್ಲ. ಒಂದು ಚೂರು ಅವರ ಕೈಗೆ ಇಟ್ಟೆ. ರಾಹೇಲಕ್ಕ ನಿಧಾನಕ್ಕೆ ಅಗಿದು ಅಗಿದು ನುಂಗಿದ್ರು. ಆಮೇಲೆ, ಆ ಸಭೇಲಿ ಜೀವಮಾನವೆಲ್ಲ ಒಂದು ಮಾತೂ ಆಡದೋರು, ಎಲ್ಲರಿಗೂ ಕೇಳೋ ಹಾಗೆ ಅಂದ್ರು, "ಬೇಕರಿಯೋನು ಈ ಸಲ ಸಿಹಿ ಜಾಸ್ತಿ ಹಾಕಿದಾನೆ ಕಣೇ." ಒಬ್ಬರು ನಕ್ರು. ಇನ್ನೊಬ್ಬರು ಅತ್ರು. ರೊಟ್ಟಿ ಚಾಪೆ ಮೇಲೆಲ್ಲ ಸುತ್ತಿ ಬಂತು, ಲೋಟಾನೂ ಬಂತು.

ಕೊನೇಲಿ ಯೋಹಾನಣ್ಣನ ಮುಂದೆ ಹೋಗಿ ನಿಂತೆ. ತಗೊಳ್ಳಲ್ಲ ಅಂತಾನೇ ಅಂದ್ಕೊಂಡಿದ್ದೆ. ಎಡಗೈಯಲ್ಲಿ ಒಂದು ಚೂರು ತಗೊಂಡ್ರು, ಹಿಡ್ಕೊಂಡೇ ಕೂತ್ರು. ನನ್ನ ಮುಖ ನೋಡಲಿಲ್ಲ. ತುಂಬ ಹೊತ್ತಾದ ಮೇಲೆ ಬಾಯಿಗೆ ಹಾಕ್ಕೊಂಡ್ರು. ಲಕ್ವದ ಬಾಯಿ, ಅರ್ಧ ಆಚೆ ಉದುರಿತು, ನಾನು ಸೆರಗಲ್ಲಿ ಒರೆಸಿದೆ.

ರಾಹೇಲಕ್ಕ ಆ ವಾರಾನೇ ತೀರ್ಕೊಂಡ್ರು. ದೇವರು ಅದನ್ನ ಒಪ್ಕೊಂಡ್ನಾ ಅಜ್ಜಿ ಅಂತ ಕೇಳ್ತೀಯಲ್ಲ ಪ್ರೀತಿ, ನನಗೇನು ಗೊತ್ತು. ಕೊಡೋಕೆ ಯಾರಿಗೆ ಹಕ್ಕಿದೆ ಅಂತ ನಾವು ತೀರ್ಮಾನ ಮಾಡೋಷ್ಟರಲ್ಲಿ ಹಸಿದೋರು ಎದ್ದು ಹೋಗಿರ್ತಾರೆ. ತಟ್ಟೆ ಯಾರ ಕೈಗೆ ಹತ್ರ ಇದೆಯೋ ಅವರು ಬಡಿಸ್ಬೇಕು, ಅಷ್ಟೆ.