ಮೂರು ಬೆರಳು

"ಹಲೋ... ಯಾರು ಮಾತಾಡ್ತಿರೋದು? ... ಯಾರು? ... ಇವೊನೆನಾ? ಯಾರ ನಂಬರೇ ಇದು? ... ಹಾಂ, ಔಷಧಿ ಅಂಗಡಿಯೋರದಾ. ನಿನ್ನ ಫೋನಿಗೆ ಏನಾಯ್ತೇ?"

ಸಾಲ್ವಡೋರ್ ನಗರದ ಗುಡ್ಡದ ಮೇಲಿನ ತನ್ನ ಅಡುಗೆಮನೆಯಲ್ಲಿ ನೊಯೇಲಿಯಾ ಬೆಳಿಗ್ಗೆಯಿಂದ ತಂಗಿಗೆ ಫೋನು ಮಾಡಿ ಮಾಡಿ ಸೋತಿದ್ದಳು. ಈಗ ಆ ದನಿ ಕೇಳಿದ ಮೇಲೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಫುಟ್‌ಬಾಲ್ ತಂಡದ ಆಯ್ಕೆಗೆಂದು ಬಂದು ಅವಳ ಮನೆಯಲ್ಲಿ ಉಳಿದುಕೊಂಡಿದ್ದವನು ಇವೊನೆಯ ಮಗ ಜಾಡ್ಸನ್.

"... ಗೊತ್ತು ಕಣೇ, ಅವನು ಹಾಕಿರೋ ಫೋಟೋ ನೋಡ್ದೆ. ... ಹಾಂ, ಮೂರು ಗೋಲು ಹೊಡೆದ, ಸಂತೋಷಾನೇ. ... ನಾನ್ಯಾಕೆ ಹೊಟ್ಟೆ ಉರ್ಕೊಳ್ಲಿ, ನನಗೂ ಅವನು ಮಗನೇ ಅಲ್ವಾ? ಸ್ವಲ್ಪ ಬಾಯಿ ಮುಚ್ಕೊಂಡು ಕೇಳು."

"... ಮೂರು ಬೆರಳೆತ್ತಿ ನಿಂತಿದಾನಲ್ಲ, ಹಿಂದಿರೋ ಗೋಡೆ ಯಾವುದು ಗೊತ್ತಾ? ನಮ್ಮ ಗಲ್ಲಿ ಮೆಟ್ಟಿಲ ಗೋಡೆ. ಈ ಗುಡ್ಡದಲ್ಲಿ ಎತ್ತೋದು ಎರಡು ಬೆರಳು ಕಣೇ. ಮೂರು ಅಂದ್ರೆ ಕಣಿವೆ ಆಚೆಯೋರು. ... ಯಾರು ಅಂದ್ರೆ? ಬಂದೂಕು ಹಿಡಿದೋರು. ಇಲ್ಲಿ ಬಂದೂಕು ಹಿಡಿದೋರ ವೈರಿಗಳು."

"... ನಗ್ತಿದೀಯಾ? ... ಹೌದಮ್ಮ, ನಿನ್ನ ಗಂಡನಿಗೆ ಮೂರು ಅಂದ್ರೆ ಕತ್ತೆ, ಪ್ರಾಣಿ ಲಾಟರೀಲಿ ಇವತ್ತು ಅದರ ಮೇಲೇ ಕಟ್ಟಿರ್ತಾನೆ. ಪಾದ್ರಿಗೆ ತಂದೆ, ಮಗ, ಪವಿತ್ರಾತ್ಮ. ಇಲ್ಲಿ ಪಾದ್ರಿನೂ ಅದಕ್ಕೆ ಬೆರಳು ಎತ್ತಲ್ಲ, ಬಾಯಲ್ಲಿ ಹೇಳ್ತಾನೆ. ಮೂರು ಮೀನು ಕೊಡು ಅಂದ್ರೆ ಮಾರೋಳು ಎರಡರ ಮೇಲೊಂದು ಅಂತಾಳೆ."

"... ಹೇಳಿರಲಿಲ್ವಾ ಅಂದ್ರೆ? ಇಲ್ಲೇ ಹುಟ್ಟಿದೋರಿಗೆ ಅದನ್ನ ಯಾರೂ ಹೇಳಿಕೊಡಲ್ಲ, ಅವನಿಗೆ ಹೇಳಬೇಕು ಅಂತ ನನಗೂ ಹೊಳೀಲಿಲ್ಲ. ತಂಡದೋರು ಇಪ್ಪತ್ನಾಲ್ಕನೇ ಜೆರ್ಸಿ ಕೊಟ್ರೆ ನಿನ್ನ ಮಗ ಒಲ್ಲೆ ಅಂದ, ಅದು ಲಾಟರೀಲಿ ಜಿಂಕೆ ನಂಬರು, ಗಂಡಸೇ ಅಲ್ಲ ಅಂತ ಆಡ್ಕೋತಾರೆ ಅಂತ. ಇಪ್ಪತ್ನಾಲ್ಕಕ್ಕೆ ಹೆದರಿದೋನು ಮೂರಕ್ಕೆ ಹೆದರಲಿಲ್ಲ. ... ಏನಾಗತ್ತೆ ಅಂತ ಕೇಳ್ತೀಯಾ? ಹೋದ ಕಾರ್ನಿವಲ್ಲಲ್ಲಿ ಕೆಳಗಿನ ಮನೆ ಹುಡುಗ ಹೀಗೇ ಬೆರಳೆತ್ತಿದ. ಮಣ್ಣು ಮಾಡಿ ಬಂದ್ವಿ."

ಆ ಕಡೆ ನಗು ನಿಂತಿತು.

"... ಉಲಿಸೆಸ್ ಬಂದಿದ್ದ, ಎರಡು ಸಲ. ಮೇಲಿನ ಗಲ್ಲಿಯೋನು, ಇಲ್ಲಿ ಬಂದೂಕು ಹಿಡಿದೋರ ಕಡೆಯೋನು. 'ದೊಡ್ಡಮ್ಮ, ನಿಮ್ಮ ಹುಡುಗ ಎಲ್ಲಿ' ಅಂತ ಮರ್ಯಾದೆಯಿಂದಾನೇ ಕೇಳಿದ. ಆ ಮರ್ಯಾದೇನೇ ನನಗೆ ಭಯ. ಊರಿಗೆ ಹೋದ ಅಂದೆ."

"... ಏನು? ಈಗ ತಾನೇ ನಿನ್ನ ಹತ್ರ ಮಾತಾಡಿದ್ನಾ? ಇದೇ ಫೋನಲ್ಲಾ? ... ಬಸ್ಸಲ್ಲಿದಾನಾ? ಇಲ್ಲಿಗೇನಾ? ... ನನಗೆ ಅಂತ ಕೇಕ್ ತಗೊಂಡಾ? ಯೇಸುವೇ."

"... ಅಳಬೇಡ. ನಾನು ಫೋನು ಮಾಡಿದ್ರೆ ಅವನು ಎತ್ತಲ್ಲ ಕಣೇ, ಪಾತ್ರೆ ತೊಳೆಯೋ ತೊಟ್ಟೀಲಿ ಬೂಟು ತೊಳೆದ ಅಂತ ನಿನ್ನೆ ಬೈದಿದ್ದೆ, ಆ ಸಿಟ್ಟು. ನೀನೇ ಮಾಡಬೇಕು. ಗುಡ್ಡದ ಬುಡದಲ್ಲಿ ಇಳೀಬೇಡ, ಅದೇ ಬಸ್ಸಲ್ಲಿ ದೊಡ್ಡ ಬಸ್‌ಸ್ಟ್ಯಾಂಡಿಗೆ ಹೋಗಿ ಇಪಿರಾಗೆ, ನಿಮ್ಮೂರಿಗೆ ಬರೋ ಬಸ್ಸು ಹತ್ತು ಅನ್ನು. ಫೋಟೋ ಅಳಿಸು ಅನ್ನು. ... ಬಟ್ಟೆ ಆಮೇಲೆ ಕಳಿಸ್ತೀನಿ. ... ಆಯ್ಕೆ ಹೋದ್ರೆ ಹೋಗ್ಲಿ, ಜೀವ ಇದ್ರೆ ಇನ್ನೊಂದು ಊರಲ್ಲಿ ಆಡ್ತಾನೆ. ಈಗ ಫೋನಿಡು. ... ಮಾತು ಸಾಕು, ಇಡೇ."

ಬಾಗಿಲ ಪರದೆ ಸರಿಯಿತು. ಉಲಿಸೆಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಒಳಗೆ ಬಂದು ನಿಂತ. ಫೋನಲ್ಲಿ ಯಾರು ಎಂದು ಕೇಳಿದ.

"ನನ್ನ ತಂಗಿ ಕಣಪ್ಪ. ಕೂತ್ಕೋ, ಕಾಫಿ ಇದೆ. ... ಹಾಂ ಇವೊನೆ, ಜಾಡ್ಸನ್ ಮನೆ ಮುಟ್ಟಿದ್ನಾ? ... ಸದ್ಯ. ಉಂಡ್ನಾ? ... ಮಲಗಿದಾನಾ? ಮಲಗಲಿ ಬಿಡು, ಎಬ್ಬಿಸಬೇಡ."

ಅವಳ ಕಿವಿಯಲ್ಲಿ ಯಾವ ದನಿಯೂ ಇರಲಿಲ್ಲ. ಇವೊನೆ ಆಗಲೇ ಫೋನು ಇಟ್ಟಿದ್ದಳು. ಉಲಿಸೆಸ್ ಕುಳಿತುಕೊಳ್ಳದೆ ಅವಳ ಮುಖವನ್ನೇ ನೋಡುತ್ತಿದ್ದ. ಗುಡ್ಡದ ಬುಡದಲ್ಲಿ ಒಂದು ಬಸ್ಸು ನಿಂತಿತು. ಯಾರಾದರೂ ಇಳಿದರೋ ಇಲ್ಲವೋ ಅಡುಗೆಮನೆಯಿಂದ ಕಾಣುವಂತಿರಲಿಲ್ಲ. ಬಸ್ಸು ಮತ್ತೆ ಹೊರಟಿತು. ನೊಯೇಲಿಯಾ ಕಡಿದುಹೋದ ಫೋನನ್ನು ಕಿವಿಗೆ ಒತ್ತಿ ಹಿಡಿದು ಮಾತು ಮುಂದುವರಿಸಿದಳು.

"... ಹಾಂ, ಹಾಂ. ಕೇಳಿಸ್ತಿದೆ ಕಣೇ. ಅವನ ಪಕ್ಕದಲ್ಲೇ ಇರು. ... ಇನ್ನು ಈ ಕಡೆ ಕಳಿಸಬೇಡ."