ಮೆಲ್ಲಗೆ ಹಾಡಿದ ಭಾನುವಾರಗಳು

ವಲಸೆ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು: ಮುಂಗೈ ತುಂಬ ಒಲೆಯ ಸುಟ್ಟ ಕಲೆಗಳಿದ್ದ ಬೇಕರಿಯವನು, ಮಡಿಲಲ್ಲಿ ಹಳೆಯ ಬಿಸ್ಕತ್ತಿನ ಡಬ್ಬ ಹಿಡಿದ ವಯಸ್ಸಾದ ಟೀಚರಮ್ಮ.

"ಹದಿನೈದು ವರ್ಷದಿಂದ ಇಲ್ಲೇ ಇದೀನಿ ಅನ್ನೋದಕ್ಕೆ ಪುರಾವೆ ಕೇಳ್ತಾರೆ, ಟೀಚರಮ್ಮ. ಮೊದಲನೇ ವರ್ಷದ್ದು ಒಂದು ಚೀಟಿನೂ ಇಲ್ಲ."

"ಆ ವರ್ಷ ನಮ್ಮ ಚರ್ಚಿನ ಹಿಂದಿನ ಕೋಣೇಲಿದ್ದೆ ತಾನೆ?"

"ಇರು ಅಂದ್ರು ಫಾದರ್, ಇದ್ದೆ. ಕಾಗದ ಯಾರು ಬರೆಸಿಕೊಂಡ್ರು? ಈಗ ಅವರೂ ಇಲ್ಲ."

"ಎಂಥ ನಿದ್ದೆ ಮಾರಾಯ ನಿಂದು! ಬೇಕರಿ ಕೆಲಸ ಮುಗಿಸಿ ಬೆಳಿಗ್ಗೆ ಬಂದು ಬಿದ್ದರೆ ಮಧ್ಯಾಹ್ನವೇ ಏಳೋದು."

"ಭಾನುವಾರ ಚರ್ಚಲ್ಲಿ ನಿಮ್ಮೆಲ್ಲರ ಹಾಡು ಹಾಗಿತ್ತಲ್ಲ. ಗೋಡೆಯಾಚೆ ಯಾರೋ ಮಗು ಮಲಗಿಸ್ತಿರೋ ಹಾಗೆ. ಅಂಥ ಮೆತ್ತನೆ ಹಾಡು ಆಮೇಲೆ ಎಲ್ಲೂ ಕೇಳಲಿಲ್ಲ."

ಟೀಚರಮ್ಮ ನಗುತ್ತಾ ಡಬ್ಬ ತೆರೆದು, ಹಳದಿಗಟ್ಟಿದ ಕಾಗದದ ಕಟ್ಟೊಂದನ್ನು ಕೊಟ್ಟರು.

"ಆ ವರ್ಷ ಭಾನುವಾರ ಚರ್ಚಿನಲ್ಲಿ ಹಂಚ್ತಿದ್ದ ಪ್ರಕಟಣೆಗಳು. ತಾರೀಖೂ ಇದೆ, ಫಾದರ್ ಸಹಿನೂ ಇದೆ. ಓದು."

ಅವನು ಮೊದಲನೆಯದನ್ನು ನಿಧಾನವಾಗಿ ಓದಿದ.

"'ಹಿಂದಿನ ಕೋಣೆಯಲ್ಲಿ ಬೇಕರಿಯ ತಮ್ಮ ಮಲಗಿದ್ದಾನೆ. ದಯವಿಟ್ಟು ಇವತ್ತೂ ಎಲ್ಲರೂ ಮೆಲ್ಲಗೆ ಹಾಡಿ.'... ಇವತ್ತೂ?"

"ವರ್ಷಪೂರ್ತಿ ಕಣೋ. ನಮ್ಮದೆಲ್ಲ ಬೀದಿ ಕೊನೆಗೂ ಕೇಳೋ ಗಂಟಲು."

ಅವನು ಒಂದೊಂದೇ ಕಾಗದ ತಿರುವಿ ಓದುತ್ತಾ ಹೋದ. ಅವನ ನಂಬರ್ ಎರಡು ಸಲ ಕೂಗಿದರು.

"ಇದನ್ನ ಒಪ್ತಾರಾ, ಟೀಚರಮ್ಮ?"

"ಒಪ್ಪದಿದ್ರೆ ಆವತ್ತು ಹಾಡಿದವರನ್ನೆಲ್ಲ ಇಲ್ಲಿಗೇ ಕರ್ಕೊಂಡು ಬರ್ತೀನಿ. ಈ ಸಲ ಮೆಲ್ಲಗೆ ಹಾಡಲ್ಲ."

ಅವನು ಅವರ ಕೈಹಿಡಿದು ಎಬ್ಬಿಸಿದ. ಇಬ್ಬರೂ ಕೌಂಟರಿನತ್ತ ನಡೆದರು.